ವಿದ್ಯಾರ್ಥಿಗೆ ಸೂಟ್

ಇಷ್ಟನ್ನೇ ಹೇಳಿ ಉಳಿದದ್ದನ್ನು ನುಂಗಿಕೊಂಡರೆ ಅದು ಸುಳ್ಳಾಗುತ್ತದೆಯೇ? ಸುಳ್ಳು ಅಂದರೆ ಇಲ್ಲದ್ದನ್ನು ಇದೆ ಅನ್ನುವುದು. ಇದ್ದದ್ದರಲ್ಲಿ ಅರ್ಧ ಹೇಳಿ ಸುಮ್ಮನಾಗುವುದಕ್ಕೆ ಏನು ಅನ್ನಬೇಕು? ಇಚಲಕರಂಜಿ ದಾಟಿ ತನ್ನೂರು ಬೋರಗಾಂವದ ಕಡೆಗೆ ಹೊರಟ ಬಸ್ಸಿನಲ್ಲಿ, ಕಿಟಕಿಯ ಕಂಬಿಗೆ ತಲೆ ಆನಿಸಿ ಕೂತ ಧನಪಾಲ ಇದನ್ನೇ ತಿರುವಿ ತಿರುವಿ ನೋಡುತ್ತಿದ್ದ. ಸಣ್ಣವನಿದ್ದಾಗ ಊರಿನ ಜೈನ ಬಸ್ತಿಯ ಪಾಠಶಾಲೆಯಲ್ಲಿ ಪಂಡಿತರು ಐದು ವ್ರತಗಳನ್ನು ಬಾಯಿಪಾಠ ಮಾಡಿಸಿದ್ದರು. ಎರಡನೆಯದು ಸತ್ಯ. ಅರ್ಧದ ಬಗ್ಗೆ ಅವರು ಏನಾದರೂ ಹೇಳಿದ್ದರೋ ಇಲ್ಲವೋ, ಅವನಿಗೆ ನೆನಪಾಗಲಿಲ್ಲ.

ತೊಡೆಯ ಮೇಲೆ ಕೊಲ್ಹಾಪುರದ ಅಂಗಡಿಯವನು ಕೊಟ್ಟ ಬಣ್ಣದ ಹಾಳೆ ಇತ್ತು. ಬೂದು ಬಣ್ಣದ ಕಂಪ್ಯೂಟರಿನ ಚಿತ್ರ, ಕೆಳಗೆ ಮರಾಠಿಯಲ್ಲಿ ದಪ್ಪ ಅಕ್ಷರ: ವಿದ್ಯಾರ್ಥ್ಯಾಂನಾ ಖಾಸ ಸೂಟ. ವಿದ್ಯಾರ್ಥಿಗಳಿಗೆ ವಿಶೇಷ ರಿಯಾಯತಿ.

ತೊಂಬತ್ತೆಂಟನೇ ಇಸವಿಯ ಮಳೆಗಾಲ ಆಗಷ್ಟೇ ಸುರುವಾಗಿತ್ತು. ಕಂಪ್ಯೂಟರಿನ ಹುಚ್ಚು ಹಿಡಿದದ್ದು ಧನಪಾಲನಿಗಲ್ಲ, ಅವನ ಅಪ್ಪ ನೇಮಿನಾಥನಿಗೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ಪಾವರಲೂಮುಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ನೂಲು ಕೊಟ್ಟು ಬಟ್ಟೆ ತಿರುಗಿ ಒಯ್ಯುವ ಇಚಲಕರಂಜಿಯ ವ್ಯಾಪಾರಿ ಅಪ್ಪಾಸಾಬ ಹೋದ ತಿಂಗಳು ಒಂದು ಗುಂಡಿ ಒತ್ತಿ, ವರ್ಷದ ಲೆಕ್ಕವನ್ನೆಲ್ಲ ಪರದೆಯ ಮೇಲೆ ತೋರಿಸಿ, "ನೇಮಣ್ಣಾ, ನಿಮ್ಮ ಬಟ್ಟಿ ಕಡಿಮಿ ಬಂದೈತಿ ನೋಡ್ರಿ" ಅಂದಿದ್ದ. ನೇಮಿನಾಥ ಬಾಯಿ ಮುಚ್ಚಿಕೊಂಡು ಮನೆಗೆ ಬಂದು, "ಅಂಥಾದ್ದೊಂದು ನಮಗೂ ಬೇಕು. ಅವನ ಡಬ್ಬಿ ಖರೇ ಹೇಳ್ತೈತೋ ಸುಳ್ಳ ಹೇಳ್ತೈತೋ ನಮ್ಮ ಡಬ್ಬಿ ಹೇಳಲಿ" ಅಂದಿದ್ದ. ಅವತ್ತಿನಿಂದ ಮನೆಯಲ್ಲಿ ಕಂಪ್ಯೂಟರಿಗೆ ಡಬ್ಬಿ ಅಂತಲೇ ಹೆಸರು.

ಧನಪಾಲ ಮನೆ ಮುಟ್ಟಿದಾಗ ಊಟಕ್ಕೆ ಅವಸರ ನಡೆದಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ತಾಟು ಇಡುವುದಿಲ್ಲ. ಅವನು ಕಾಲು ತೊಳೆದು ಅಪ್ಪನ ಪಕ್ಕ ಕೂತ. ಆಚೆ ತಮ್ಮ ಜಯಪಾಲ ಕೂತಿದ್ದ. ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ ಪುಸ್ತಕ ಬಿಟ್ಟು ಈಗ ಮಗ್ಗ ನೋಡಿಕೊಳ್ಳುತ್ತಿದ್ದ. ಅವ್ವ ತಾರಾಬಾಯಿ ಗೋಡೆಗೆ ಆನಿಸಿ ಕೂತಿದ್ದಳು. ಧನಪಾಲನ ಹೆಂಡತಿ ಮಂಗಲ ಬಿಸಿ ರೊಟ್ಟಿ ತಂದು ಹಾಕುತ್ತಿದ್ದಳು.

"ಎಷ್ಟ ಅಂದ?" ನೇಮಿನಾಥ ಕೇಳಿದ.

ಧನಪಾಲ ಹೇಳಿದ.

"ಅಬಾಬಾ! ಅಷ್ಟರಾಗ ಹಳೇ ಮಗ್ಗ ಬರ್ತಾವಲ್ಲೋ."

"ವಿದ್ಯಾರ್ಥಿ ಇದ್ರ ಸೂಟ್ ಐತಿ ಅಂತ ಬರದಾರ. ಐದರಾಗ ಒಂದ ಪಾಲು ಬಿಡ್ತಾರ."

"ಸೂಟ್ ಕೊಡ್ತಾರ?" ಜಯಪಾಲ ಅಂದ. "ಮ್ಯಾಲೊಂದು ಟೈ ಕೊಡಂಗಿಲ್ಲೇನ?"

"ತಲೀ ಮ್ಯಾಲ ಕೊಡ್ತೀನಿ. ಉಣ್ಣು ಸುಮ್ನ," ನೇಮಿನಾಥ ಅಂದ.

"ಅಂಗಡ್ಯಾಂವ ಕೇಳ್ತಾನಪ್ಪಾ, ವಿದ್ಯಾರ್ಥೀ ಕೋಣ? ಅಂತ," ಧನಪಾಲ ಅಂದ.

ಮರಾಠಿಯಲ್ಲಿ 'ಕೋಣ' ಅಂದರೆ ಯಾರು. ಜಯಪಾಲನಿಗೆ ಅಷ್ಟು ಸಾಕಾಯಿತು. "ನಾ ಅದೀನಲ್ಲ! ವಿದ್ಯಾರ್ಥಿ ಕೋಣ!"

"ಕೋಣ ಆಗಿದ್ರ ಗಾಡೀಗರ ಹೂಡತಿದ್ನಿ," ನೇಮಿನಾಥ ಅಂದ. "ನೀ ಅದಕ್ಕೂ ಬರಂಗಿಲ್ಲ."

ತಾರಾಬಾಯಿ ಸೆರಗಿನಲ್ಲಿ ನಕ್ಕಳು. ಜಯಪಾಲ ಶೇಂಗಾ ಚಟ್ನಿಯಲ್ಲಿ ರೊಟ್ಟಿ ಒತ್ತಿ ಬಾಯಿಗೆ ಹಾಕಿಕೊಂಡ. ನೇಮಿನಾಥನ ತಲೆ ಮಾತ್ರ ಆ ಐದರಲ್ಲಿ ಒಂದು ಪಾಲಿನ ಹಿಂದೆ ಹೋಗಿತ್ತು.

"ಬಾಜೂ ಮನಿ ಕಾಮಣ್ಣನ ಮಗ ಕಾಲೇಜಿಗಿ ಹೊಕ್ಕಾನಲ್ಲ. ಅವನ ಹೆಸರ ಹಾಕ್ಸಿದ್ರ?"

"ಪಾವತಿ ಚೀಟಿ ಅವನ ಹೆಸರೀಲೆ ಆಗ್ತೈತಿ."

"ಅಂದ್ರ? ರೊಕ್ಕ ನಂದು, ಮಾಲು ಕಾಮಣ್ಣಂದು? ಬ್ಯಾಡೋ ಮಾರಾಯಾ."

ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ ಅಂತ ಧನಪಾಲ ಬಸ್ಸಿನಲ್ಲೇ ಎಣಿಸಿದ್ದ. ಹೆಸರು ತನ್ನ ಬಾಯಿಂದ ಬರಬಾರದು. ಅವನು ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತ ತಾಟಿನಲ್ಲೇ ಕಣ್ಣಿಟ್ಟ. ನೇಮಿನಾಥ ಸಾರು ಸೊರ್ರನೆ ಕುಡಿದ, ಕೈ ನೆಕ್ಕಿದ, ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಮಂಗಲ ಸೌಟು ಹಿಡಿದು ನಿಂತಿದ್ದಳು.

"ನಮ್ಮ ಮಂಗಲಾ ಅಥಣ್ಯಾಗ ಬಿ.ಕಾಂ. ಒಂದನೇ ವರ್ಷ ಪಾಸಾಗಿದ್ಲು, ಹೌದಿಲ್ಲೋ?"

"ಹೌದು ಪಾಸಾಗ್ಯಾಳ," ತಾರಾಬಾಯಿ ಅಂದಳು. "ಮುಂದ?"

"ನಿಪ್ಪಾಣ್ಯಾಗ ಎರಡನೇದಕ್ಕ ಹಚ್ಚಿದ್ರ? ಫೀ ಕಟ್ಟಿದ್ರೂ ನಮಗ ಉಳೀತೈತಿ."

"ಸೊಸಿನ್ನ ಕಾಲೇಜಿಗಿ ಕಳಸ್ತೀರಿ? ಚೀಲ ಹಾಕ್ಕೊಂಡು?"

"ಕಳಸಂತ ಯಾರ ಅಂದ್ರು? ಹೆಸರಿಗಷ್ಟ. ಡಬ್ಬಿ ಬಂತು, ಮುಗೀತು. ಏನವಾ ಮಂಗಲಾ?"

"ನೀವು ಹೇಳಿದಂಗ್ರಿ ಮಾವಾರ," ಅಂದು ಮಂಗಲ ಒಳಗೆ ಹೋದಳು. ಒಳಗೆ ಸೌಟು ಪಾತೇಲಿಗೆ ಬಡಿದ ಸದ್ದಾಯಿತು. ಒಂದೇ ಸಲ.

ಮರುದಿನ ಮುಂಜಾನೆ ಹಿತ್ತಲ ಬಾವಿಯ ಹತ್ತಿರ ಅವಳು ಅವನನ್ನು ಹಿಡಿದಳು. ಅವನು ನೀರು ಸೇದುತ್ತಿದ್ದ, ಅವಳು ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸಿಕೊಳ್ಳುತ್ತಿದ್ದಳು.

"ನನ್ನ ಹೆಸರ ಈಗ ನಿಮ್ಮ ಡಬ್ಬೀಗಿ ಬೇಕಾತೇನ್ರಿ?"

ಅವನು ಹಗ್ಗ ಬಿಟ್ಟ. ಬಕೀಟು ಕೆಳಗೆ ನೀರಿಗೆ ಬಿತ್ತು.

"ಲಗ್ನಕ್ಕ ಮೊದ್ಲ ಐನಾಪುರದಾಗ ನಮ್ಮಪ್ಪ ಕೇಳಿದ್ರು, ಮುಂದ ಕಲಸ್ತೀರೇನಂತ. ಮಾವಾರು 'ನೋಡೂಣಂತ' ಅಂದ್ರು. ನೀವೂ ಅಲ್ಲೇ ಕುಂತಿದ್ರಿ. ಚಾದ ಬಶಿ ನೋಡಕೋತ ಕುಂತಿದ್ರಿ."

"ಹೂಂ."

"ಮೂರು ವರ್ಷ ಆತು. ಆಗ ಒಂದ ಮಾತ ಹೊರಡಲಿಲ್ಲ ನಿಮ್ಮ ಬಾಯಾಗಿಂದ. ಈಗರ ಏನರ ಅಂತೀರೇನು?"

ಧನಪಾಲ ಇನ್ನೊಂದು ಬಕೀಟು ಎಳೆದು ಅವಳ ಕೊಡಕ್ಕೆ ಸುರಿದ. ಈಗ ಹೇಳಿಬಿಡಬಹುದು ಅನ್ನಿಸಿತು. ಆದರೆ ಮಂಗಲಳ ಮುಖ ಕನ್ನಡಿಯಂಥದು, ಸಿಟ್ಟು, ಖುಷಿ ಯಾವುದೂ ಅದರಲ್ಲಿ ಅಡಗುವುದಿಲ್ಲ. ಅವ್ವ ಆ ಮುಖವನ್ನು ದಿನಕ್ಕೆ ಹತ್ತು ಸಲ ಓದುತ್ತಾಳೆ.

"ಫೋಟೋ ಬೇಕಂತ," ಅಂದ. "ಸಣ್ಣೂವು."

ನಿಪ್ಪಾಣಿಯ ಕಾಲೇಜಿನಲ್ಲಿ ಹೆಸರು ಹಚ್ಚುವುದು ಒಂದೇ ದಿನದಲ್ಲಿ ಮುಗಿಯಿತು. ಕಾರಕೂನ, "ಹಾಜರಿ ಕಮ್ಮಿ ಬಿದ್ರ ಪರೀಕ್ಷಾಕ ಕೂಡಸಂಗಿಲ್ಲ, ಹೆಸರೂ ತಗೀತಾರ" ಅಂದದ್ದನ್ನು ನೇಮಿನಾಥ ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಗಲ ಹಾಕಿಕೊಂಡಳು. ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯ ಮುಂದೆ ಅವಳು ನಿಂತೇ ಇದ್ದಳು. ಮಾವ ಎರಡು ಸಲ ಕೂಗಬೇಕಾಯಿತು.

ಆ ವಾರವೇ ನೇಮಿನಾಥ, ಧನಪಾಲ, ಮಂಗಲ ಮೂವರೂ ಕೊಲ್ಹಾಪುರಕ್ಕೆ ಹೋದರು. ಅಂಗಡಿಯ ಗಾಜಿನ ಕಪಾಟಿನಲ್ಲಿ ಪುಸ್ತಕದ ಹಾಗೆ ಮಡಚುವ ಲ್ಯಾಪ್‌ಟಾಪ್ ಒಂದಿತ್ತು. ನೇಮಿನಾಥ ಅದರ ಮೇಲಿನ ಚೀಟಿ ನೋಡಿ ಹಿಂದೆ ಸರಿದು, "ಇದನ್ನ ತೊಡೀ ಮ್ಯಾಲ ಇಟ್ಕೊಂಡ್ರ ಎದಿ ಒಡೀತೈತಿ" ಅಂದ. ಅಂಗಡಿಯವನು ನಗುತ್ತ ಎದ್ದು ಬಂದ.

"ಮಗ, ವಿದ್ಯಾರ್ಥೀ ಕೋಣ?" ಹಾಗಾದರೆ ವಿದ್ಯಾರ್ಥಿ ಯಾರು?

"ಮೀ," ಮಂಗಲ ಅಂದಳು. ನಾನು. ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದು ಕಾಲೇಜಿನ ದಾಖಲೆ ಮೇಜಿನ ಮೇಲೆ ಇಟ್ಟಳು. ಅಂಗಡಿಯವನು ಅದನ್ನು ಬಿಚ್ಚಿಯೂ ನೋಡದೆ ಬದಿಗೆ ಸರಿಸಿ, ಧನಪಾಲನ ಕಡೆ ತಿರುಗಿ ಮರಾಠಿಯಲ್ಲಿ ಏನೋ ಹೇಳಹೊರಟ. "ಅರೇ, ಮೀ ತುಮ್ಹಾಲಾ..." ಅರೇ, ನಾನು ನಿಮಗೆ...

"ಕರೆಂಟ ಹೋದ್ರ ಏನ ಮಾಡೂದ್ರಿ?" ಧನಪಾಲ ನಡುವೆ ಬಾಯಿ ಹಾಕಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಮಂಗಲ ಮೊದಲ ಸಲ ಕೇಳಿದಳು. "ನಮ್ಮೂರಾಗ ಘಳಿಗಿಗೊಮ್ಮೆ ಕರೆಂಟ ಹೋಗ್ತೈತಿ. ಬ್ಯಾಟರಿ ಡಬ್ಬಿ ಅಂತಾರಲ್ಲ, ಅದನ್ನ ತೋರಸ್ರಿ. ಈಗ ತೋರಸ್ರಿ."

ಅಂಗಡಿಯವನು ಭುಜ ಹಾರಿಸಿ ಒಳಗೆ ಹೋದ. ಧನಪಾಲನ ಅಂಗಿಯ ಬೆನ್ನು ತೊಯ್ದಿತ್ತು.

ಡಬ್ಬಿ ಬಂತು. ಪಡಸಾಲೆಯ ಮೂಲೆಯಲ್ಲಿ ಮೇಜು ಹಾಕಿ ಇಟ್ಟು, ತಾರಾಬಾಯಿ ಅದಕ್ಕೆ ಕುಂಕುಮದ ಸ್ವಸ್ತಿಕ ಬರೆದು, ಮಗ್ಗದ ಧೂಳು ಕೂರದ ಹಾಗೆ ತಾನೇ ಒಂದು ಹಳೆಯ ಇಳಕಲ್ ಸೀರೆ ಹೊದಿಸಿದಳು. ಮರುದಿನ ಮುಂಜಾನೆ ಮಂಗಲ ಎಲ್ಲರಿಗಿಂತ ಮೊದಲು ಮಿಂದು, ಪಲ್ಯ ರೊಟ್ಟಿ ಮಾಡಿ ಮುಚ್ಚಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದಳು.

"ಎಲ್ಲಿಗಿ?" ತಾರಾಬಾಯಿ ಕೇಳಿದಳು.

"ಕಾಲೇಜಿಗಿರಿ, ಅತ್ತ್ಯಾರ."

"ಹೆಸರಿಗಷ್ಟ ಅಂದಿದ್ರು ನಿಮ್ಮ ಮಾವಾರು."

"ಹೆಸರ ನಂದ ಅಲ್ಲೇನ್ರಿ?"

ತಾರಾಬಾಯಿ ಗಂಡನನ್ನು ಕೂಗಿದಳು. ನೇಮಿನಾಥ ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಬಂದ.

"ಏನವಾ ಇದು? ಮಾತ ಹಂಗ ಆಗಿರಲಿಲ್ಲಲ್ಲ?"

"ಹಾಜರಿ ಬೀಳಲಿಲ್ಲಾಂದ್ರ ಹೆಸರ ತಗೀತೀವಿ ಅಂದಾರ್ರಿ ಮಾವಾರ. ಕಟ್ಟಿದ ಫೀ ತಿರುಗಿ ಕೊಡಂಗಿಲ್ಲಂತ."

ನೇಮಿನಾಥ ಉಗುಳಿದ, ಬಾಯಿ ಮುಕ್ಕಳಿಸಿದ, ಮಗನನ್ನು ನೋಡಿದ. ಧನಪಾಲ ಲೂನಾದ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ, ತಲೆ ಎತ್ತಲಿಲ್ಲ. "ಕಟ್ಟಿದ ಫೀ ನೀರಾಗ ಹಾಕೂದ್ಯಾಕ," ನೇಮಿನಾಥ ಕೊನೆಗೆ ಅಂದ. "ಹೋಗಿ ಬರ್ಲಿ. ಮಧ್ಯಾಹ್ನದೊಳಗ ಬರ್ತಾಳಲ್ಲ."

ತಾರಾಬಾಯಿ ಬಸ್ತಿಗೆ ಹೊರಟಳು. ಚಾತುರ್ಮಾಸ ಸುರುವಾಗಿತ್ತು, ಬಸ್ತಿಯಲ್ಲಿ ಮುನಿ ಮಹಾರಾಜರು ತಂಗಿದ್ದರು. ಊರಿನ ಹೆಂಗಸರೆಲ್ಲ ನಾಲ್ಕು ತಿಂಗಳಿಗೆ ಒಂದೊಂದು ನೇಮ ಹಿಡಿಯುತ್ತಿದ್ದರು. ಒಬ್ಬಳು ಸಕ್ಕರೆ ಬಿಟ್ಟಳು, ಒಬ್ಬಳು ಹಸಿರು ಪಲ್ಯ ಬಿಟ್ಟಳು. ಅವತ್ತು ಬಸ್ತಿಯಿಂದ ಬಂದ ತಾರಾಬಾಯಿ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ದೀಪಾವಳಿತನಕ ನಂದು ದಿನಕ್ಕ ಒಂದ ಊಟ. ಅದೂ ಸೊಸಿ ತನ್ನ ಕೈಯಾರ ನೀರ ಸೇದಿ, ಸೋಸಿ, ಮಾಡಿ, ಎದರಿಗಿ ಕುಂತು ಬಡಿಸಿದ್ದು. ಬ್ಯಾರೇದವ್ರ ಕೈಯಿಂದ ಒಂದ ತುತ್ತ ಸೈತ ಇಲ್ಲ. ಮಹಾರಾಜರ ಮುಂದ ತಗೊಂಡೀನಿ."

ನೇಮ ಹಿಡಿಯುವಾಗ ಒಂದೆರಡು ಸಂದರ್ಭಕ್ಕೆ ಮೊದಲೇ ಬಿಡುವು ಕೇಳಿಕೊಳ್ಳುವುದುಂಟು, ಅದಕ್ಕೂ ಆ ಕಡೆ ಸೂಟ್ ಅಂತಲೇ ಅನ್ನುತ್ತಾರೆ.

"ಅವ್ವಾ, ಸೂಟ್ ಏನರ ಇಟ್ಟೀಯೋ ಇಲ್ಲೋ?" ಜಯಪಾಲ ಕೇಳಿದ. ಈ ಸಲ ಅವನು ನಗಲಿಲ್ಲ.

"ಜಡ್ಡಾದ್ರ ಔಷಧ. ಅಷ್ಟ."

"ಆಕಿ ಬರೂದ ಮಧ್ಯಾಹ್ನ ಇಳದಿರ್ತೈತಿ, ಅವ್ವಾ," ಧನಪಾಲ ಅಂದ.

"ಬರ್ಲಿ. ನಾ ಬ್ಯಾಡ ಅಂದ್ನೇನು? ಕುಂತಿರ್ತೀನಿ."

ಮಂಗಲ ಒಳಗಿಂದ ಬಂದಳು. "ಮುಂಜಾನೆ ಬಸ್ಸಿಗಿ ಹೋಗೂದ್ರೊಳಗ ಬಡಸ್ತೀನ್ರಿ ಅತ್ತ್ಯಾರ. ಒಂದ ಊಟ ಅಂದ ಮ್ಯಾಲ ಮುಂಜಾನೆ ಉಂಡ್ರೂ ನಡೀತೈತಲ್ರಿ?"

"ನಸಿಕಿನ್ಯಾಗ ನನಗ ಹಸಿವಿ ಎಲ್ಲೀದು? ನಾ ಮಧ್ಯಾಹ್ನ ಉಣ್ಣಾಕಿ. ಮದಿವ್ಯಾಗಿ ಬಂದಾಗಿಂದ ನೋಡೀದಿ."

ಹೀಗೆ ಸುರುವಾಯಿತು. ಬಸ್ಸು ಇಳಿದು ಮಂಗಲ ಓಡುತ್ತ ಬರುತ್ತಿದ್ದಳು. ಚೀಲ ಮೂಲೆಗೆ ಎಸೆದು ಬಚ್ಚಲಿಗೆ ಹೋಗಿ ಮಿಂದು, ಒದ್ದೆ ಕೂದಲಿಗೆ ಗಂಟು ಹಾಕಿ, ಬಾವಿಯಿಂದ ನೀರು ಸೇದಿ, ಒಲೆ ಹೊತ್ತಿಸುತ್ತಿದ್ದಳು. ತಾರಾಬಾಯಿ ಕೈಯಲ್ಲಿ ಜಪಮಣಿ ಹಿಡಿದು ಹೊರಕಟ್ಟೆಯ ಮೇಲೆ, ಓಣಿಗೆಲ್ಲ ಕಾಣುವ ಹಾಗೆ ಕೂತಿರುತ್ತಿದ್ದಳು.

"ತಾರಕ್ಕಾ, ಊಟಾತೇನ?" ಆಚೆ ಮನೆಯ ಗಂಗೂಬಾಯಿ ದಿನಾ ಕೇಳುತ್ತಿದ್ದಳು, ಗೊತ್ತಿದ್ದೂ.

"ಸೊಸಿ ಕಾಲೇಜಿಂದ ಬರ್ಬೇಕವಾ."

"ನಮ್ಮ ಕಾಲದಾಗ ಅತ್ತಿ ಉಂಡ ಮ್ಯಾಲ ಸೊಸಿ ಉಣತಿದ್ಲು. ಈಗ ಸೊಸಿ ಕಲ್ತ ಮ್ಯಾಲ ಅತ್ತಿ ಉಣ್ಬೇಕಾತು!"

ಮಾತು ಓಣಿ ದಾಟಿ ಬಸ್ತಿಗೆ ಹೋಯಿತು, ಬಸ್ತಿಯಿಂದ ಐನಾಪುರಕ್ಕೆ ಹೋಯಿತು. ಮಂಗಲಳ ಅಪ್ಪ ಒಂದು ದಿನ ಬಂದು, ಚಾ ಸಹ ಕುಡಿಯದೆ, "ಮಗಳ, ಮನಿ ಮುರಕೋಬ್ಯಾಡವಾ" ಅಂದು ಹೋದರು. ಅವಳು ಬರೇ ತಲೆ ಆಡಿಸಿದಳು. ಮರುದಿನವೂ ಬಸ್ಸಿಗೆ ಹೋದಳು.

ಸಂಜೆ ಊಟವಾದ ಮೇಲೆ ಮಾತ್ರ ಮನೆಯ ಗಾಳಿ ಬೇರೆಯಾಗುತ್ತಿತ್ತು. ಮಂಗಲ ಡಬ್ಬಿಯ ಮೇಲಿನ ಸೀರೆ ಸರಿಸಿ ಕೂರುತ್ತಿದ್ದಳು. ನೇಮಿನಾಥ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಯಾವ ಮಗ್ಗದ್ದು ಎಷ್ಟು ಬಟ್ಟೆ ಅಂತ ಓದಿ ಹೇಳುತ್ತಿದ್ದ, ಅವಳು ಒತ್ತುತ್ತಿದ್ದಳು. ಜಯಪಾಲ ಒಂದು ದಿನ ಕೂತು ನೋಡಿದ, ಬರೆದದ್ದೆಲ್ಲ ಅಳಿಸಿಹೋಯಿತು. "ಕೋಣಕ್ಕ ಇದು ಆಗೂ ಕೆಲಸ ಅಲ್ಲಪ್ಪಾ, ವೈನಿನ್ನ ಕರೀರಿ" ಅಂದು ಅತ್ತಿಗೆಗೆ ಜಾಗ ಬಿಟ್ಟು ಎದ್ದುಹೋದ. ಧನಪಾಲನಿಗೆ ಬರುತ್ತಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಅವನು ಯಾವಾಗಲೂ ಅದೇ ಹೊತ್ತಿಗೆ ಶೆಡ್ಡಿನಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ.

ಒಂದು ಸಂಜೆ ಪರದೆ ನೋಡುತ್ತಿದ್ದ ನೇಮಿನಾಥ ತೊಡೆ ಬಡಿದುಕೊಂಡ. "ನೋಡಿದ್ಯಾ? ಅಪ್ಪಾಸಾಬ ಕಡಿಮಿ ಅಂದ ಬಟ್ಟಿ ಇಲ್ಲೇ ಐತಿ! ಅಂವ ಎರಡ ತಾನ ಬಟ್ಟಿ ಬರಕೊಳ್ಳೂದ ಬಿಟ್ಟಾನ. ಏ ಇವಳ, ನಿನ್ನ ಸೊಸಿ ಹಿಡದಾಳ ನೋಡ."

"ಡಬ್ಬಿ ಹಿಡದಿರಬೇಕು," ತಾರಾಬಾಯಿ ಗೋಡೆಯ ಕಡೆ ಮುಖ ಮಾಡಿ ಅಂದಳು.

ಭಾದ್ರಪದದಲ್ಲಿ ಒಂದು ದಿನ ಮಂಗಲ ಬರುವ ಹೊತ್ತಿಗೆ ಬರಲಿಲ್ಲ. ಕಬ್ಬಿನ ದರಕ್ಕಾಗಿ ರೈತರು ರಸ್ತೆಗೆ ಗಾಡಿ ಅಡ್ಡ ಹಾಕಿದ್ದಾರೆ, ನಿಪ್ಪಾಣಿಯಿಂದ ಒಂದು ಬಸ್ಸೂ ಹೊರಟಿಲ್ಲ ಅಂತ ಮಗ್ಗದ ಕೆಲಸಗಾರ ಗೌಸಸಾಬ ಸುದ್ದಿ ತಂದ. ತಾರಾಬಾಯಿ ಹೊರಕಟ್ಟೆಯಲ್ಲಿ ಕೂತಿದ್ದಳು. ಹಿಂದಿನ ದಿನ ಉಂಡದ್ದು ಅಷ್ಟೇ. ತುಟಿ ಒಣಗಿದ್ದವು. ನೆರಳು ಕಟ್ಟೆ ದಾಟಿ ಎದುರುಗೋಡೆಗೆ ಹತ್ತಿತು.

"ಅವ್ವಾ, ನಾ ಮಾಡ್ಲೇನ ಅನ್ನ?" ಜಯಪಾಲ ಕೇಳಿದ.

"ನೀ ಸೊಸಿ ಏನ?"

"ಇವತ್ತೊಂದ ದಿನ ಮಹಾರಾಜರ್ನ ಕೇಳಿ..."

"ನೇಮಕ್ಕ ಇವತ್ತು ನಾಳಿ ಅಂತ ಇರಂಗಿಲ್ಲ. ಹೋಗು."

ಧನಪಾಲ ಲೂನಾ ಹತ್ತಿ ಹೋದ. ನಿಪ್ಪಾಣಿ ರಸ್ತೆಯಲ್ಲಿ ಬಹಳ ದೂರ ಹೋದ ಮೇಲೆ ಅವಳು ಸಿಕ್ಕಳು. ಚಪ್ಪಲಿಯ ಬಾರು ಹರಿದು ಕೈಯಲ್ಲಿತ್ತು. ಇನ್ನಿಬ್ಬರು ಹುಡುಗಿಯರ ಜೊತೆ ಕಬ್ಬಿನ ಹೊಲದ ಬದುವಿನಲ್ಲಿ ನಡೆದು ಬರುತ್ತಿದ್ದಳು.

"ಅತ್ತ್ಯಾರು?" ಅಂದಳು ಮೊದಲು.

"ಕುಂತಾಳ."

ಚೀಲ ಮಡಿಲಿಗೆ ಎಳೆದುಕೊಂಡು ಹಿಂದೆ ಕೂತಳು.

ಮನೆ ಮುಟ್ಟಿದಾಗ ಹೊತ್ತು ಇನ್ನೂ ಬಸ್ತಿಯ ಶಿಖರದ ಮೇಲಿತ್ತು. ಮಂಗಲ ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಓಡಿದಳು. ತಾರಾಬಾಯಿ ಎದ್ದು ಗೋಡೆ ಹಿಡಿದುಕೊಂಡು ಬಂದು ಅಡಿಗೆಮನೆಯ ಮಣೆಯ ಮೇಲೆ ಕೂತಳು. ಅಲ್ಲಿಂದ ಹಿಂಬಾಗಿಲಿನಲ್ಲಿ ಬಾವಿ ಕಾಣುತ್ತಿತ್ತು. ಮಂಗಲ ಮಿಂದು ಒದ್ದೆ ಸೀರೆಯಲ್ಲೇ ಬಕೀಟು ಇಳಿಸಿದಳು, ಎಳೆದಳು, ಕೊಡಕ್ಕೆ ಬಟ್ಟೆ ಕಟ್ಟಿ ಸೋಸಿದಳು. ಸೋಸಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಬಟ್ಟೆಯಲ್ಲಿ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ತಿರುಗಿ ಬಿಡಬೇಕು. ಬಟ್ಟೆಯನ್ನು ತಿರುವಿ, ಮೇಲೆ ಸೋಸಿದ ನೀರು ಸುರಿದು ಬಕೀಟಿಗೆ ಇಳಿಸಿ, ಬಕೀಟನ್ನು ನೀರು ಮುಟ್ಟುವ ತನಕ ಕೆಳಗೆ ಬಿಟ್ಟು, ಮೆಲ್ಲಗೆ ಓರೆ ಮಾಡಬೇಕು. ಮೇಲಿಂದ ಎಸೆದರೆ ಅವು ಸಾಯುತ್ತವೆ. ಅವಸರ ಇದ್ದವರು ಮೇಲಿಂದಲೇ ಚೆಲ್ಲುವುದುಂಟು. ಯಾರು ನೋಡುತ್ತಾರೆ?

ಮಂಗಲ ಹಗ್ಗವನ್ನು ಗೇಣು ಗೇಣಾಗಿ ಬಿಟ್ಟಳು. ತಾರಾಬಾಯಿ ಅದನ್ನು ನೋಡಿದಳು, ಗೋಡೆಯ ಮೇಲೆ ಕೆಂಪಾಗುತ್ತಿದ್ದ ಬೆಳಕನ್ನು ನೋಡಿದಳು, ಮತ್ತೆ ಹಗ್ಗವನ್ನು ನೋಡಿದಳು.

ಮೊದಲನೇ ರೊಟ್ಟಿ ತಾಟಿಗೆ ಬಿದ್ದಾಗ ಗೋಡೆಯ ಮೇಲೆ ಬೆಳಕಿರಲಿಲ್ಲ.

ತಾರಾಬಾಯಿ ತಾಟನ್ನು ಬೆರಳ ತುದಿಯಿಂದ ಸರಿಸಿದಳು. "ಹೊತ್ತ ಹೋತು."

ಮಂಗಲ ತವೆಯ ಮುಂದೆ ಹಾಗೇ ಕೂತಳು. ಹಿಟ್ಟಿನ ಕೈ ಮಡಿಲಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ನೇಮಿನಾಥ ಕೂಗಿದ.

"ಸಾಕು! ಇನ್ನ ಕಾಲೇಜು ಸಾಕು. ಡಬ್ಬಿ ಬಂತು, ಸೂಟ್ ಸಿಕ್ತು, ಕೆಲಸ ಮುಗೀತು. ನಾಳಿಂದ ಯಾರೂ ಹೊಸ್ತಲಾ ದಾಟೂದ ಬ್ಯಾಡ. ನನ್ನ ಹೇಣ್ತಿ ಉಪಾಸ ಸತ್ತ ಮ್ಯಾಲ ಆ ಲೆಕ್ಕಾ ತಗೊಂಡು ಏನ ಮಾಡ್ಲಿ?"

"ಅಪ್ಪಾ, ವೈನಿ ತಪ್ಪೇನೈತಿ? ಬಸ್ಸ..." ಜಯಪಾಲ ಅಂದ.

"ನೀ ಬಾಯಿ ಮುಚ್ಚು!"

ಮಂಗಲ ತಲೆ ಎತ್ತಿದಳು. ಮಾವನನ್ನು ನೋಡಲಿಲ್ಲ, ಅತ್ತೆಯನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಐನಾಪುರದಲ್ಲಿ ಚಾದ ಬಶಿಯ ಆಚೆಯಿಂದ ಹೀಗೇ ನೋಡಿದ್ದಳು. ಧನಪಾಲ ಹೇಳಬೇಕಾದ ಮಾತು ಒಂದೇ ಇತ್ತು, ಸಣ್ಣದಿತ್ತು: ಆಕೆ ಕಲಿಯಲಿ. ಅದು ನಾಲಿಗೆಯ ತುದಿಗೆ ಬಂದು, ಅಲ್ಲಿ ಇನ್ನೊಂದಾಯಿತು.

"ಬಿಡಸಾಕ ಬರಂಗಿಲ್ಲಪ್ಪಾ," ಅಂದ. "ವರ್ಷ ಮುಗಿಯೂತನಕ ವಿದ್ಯಾರ್ಥಿ ಆಗಿರಬೇಕಂತ ಅಂಗಡ್ಯಾಂವ ಹೇಳ್ಯಾನ. ನಡುವ ಬಿಟ್ರ ಸೂಟ್ ತಿರುಗಿ ಕೊಡಬೇಕಂತ. ಬಡ್ಡಿ ಹಿಡದು."

ಈ ಸಲ ಅದು ಅರ್ಧ ಸತ್ಯವಾಗಿರಲಿಲ್ಲ, ಪೂರ್ತಿ ಸುಳ್ಳೇ ಆಗಿತ್ತು.

"ಯಾಕ ಮೊದ್ಲ ಹೇಳಲಿಲ್ಲ?"

"ಬರೂದಿಲ್ಲ ಅಂತ ಮಾಡಿದ್ನಿ ಆ ಪ್ರಸಂಗ."

ನೇಮಿನಾಥ ಅಂಗಡಿಯವನ ಕುಲವನ್ನೆಲ್ಲ ಬೈಯುತ್ತ ಹೊರಗೆ ಹೋದ. ಮಂಗಲ ಕೈ ತೊಳೆದುಕೊಂಡಳು. ಗಂಡನ ಪಕ್ಕದಿಂದ ಹಾದುಹೋಗುವಾಗ, ಅವನಿಗಷ್ಟೇ ಕೇಳುವ ಹಾಗೆ, "ಇವತ್ತೂ ಡಬ್ಬೀದ ಮಾತ ಆಡಿದ್ರಿ," ಅಂದಳು. ಅವಳೂ ಅವತ್ತು ಉಣ್ಣಲಿಲ್ಲ.

ಮುಂಜಾನೆ ಅವಳು ಚೀಲ ತೆಗೆದುಕೊಳ್ಳಲಿಲ್ಲ. ಮಿಂದು, ನೀರು ತಂದು, ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ತಾರಾಬಾಯಿ ಗೋಡೆ ಹಿಡಿದುಕೊಂಡು ಬಂದು ಮಣೆ ತಾನೇ ಹಾಕಿಕೊಂಡಳು.

"ಹೊತ್ತ ಹುಟ್ಟಿ ಎಷ್ಟೊತ್ತಾತು?"

"ಎರಡ ಘಳಿಗಿ ಆಗಿರಬೇಕ್ರಿ." ಅದಕ್ಕೆ ಮೊದಲು ನೇಮದವರು ಉಣ್ಣುವಂತಿರಲಿಲ್ಲ.

"ಹಂಗಾದ್ರ ಬಡಸು."

ಮಂಗಲಳಿಗೆ ಅರ್ಥವಾಗಲಿಲ್ಲ. "ಈಗ್ರಿ? ಈಗ ಉಂಡ್ರ ನಾಳೆ ಮುಂಜಾನಿತನಕ ಏನೂ ಇಲ್ಲಲ್ರಿ."

"ಒಂದ ಊಟ ಅಂದೀನಿ. ಯಾವ ಹೊತ್ತಿಗಿ ಅಂತ ಮಹಾರಾಜರ ಮುಂದ ಹೇಳಿಲ್ಲ ನಾ."

"ಮಧ್ಯಾಹ್ನ ಉಣ್ಣಾಕಿ ಅಂದಿದ್ರಿ."

"ಅಂದಿದ್ನಿ. ಈಗ ಮುಂಜಾನೆ ಉಣ್ಣಾಕಿ. ಬಡಸ್ತೀಯೋ, ಬಸ್ಸ ಬಿಡೂತನಕ ವಾದಾ ಹಾಕ್ತೀಯೋ?"

ಮಂಗಲ ರೊಟ್ಟಿ ತಟ್ಟಿದಳು. ಎದುರಿಗೆ ಕೂತು ಬಡಿಸಿದಳು. ತಾರಾಬಾಯಿ ನಿಧಾನವಾಗಿ ಉಂಡಳು. ಎರಡನೇ ರೊಟ್ಟಿ ಮುರಿಯುತ್ತ, ತಾಟಿಗೆ ಹೇಳುವ ಹಾಗೆ ಹೇಳಿದಳು.

"ನಿನ್ನಿ ಬಕೀಟ ಮ್ಯಾಲಿಂದ ಚೆಲ್ಲಿದ್ರ ನನಗ ಊಟ ಸಿಗತಿತ್ತು."

"ಹೌದ್ರಿ."

"ನಾ ನೋಡಾಕತ್ತಿದ್ನಿ. ನಿನಗ ಗೊತ್ತಿತ್ತೇನ?"

"ಇಲ್ರಿ. ನಾ ಹೊತ್ತ ನೋಡಾಕತ್ತಿದ್ನಿ."

ತಾರಾಬಾಯಿ ಉಂಡು, ಬೊಗಸೆ ಹಿಡಿದು ನೀರು ಹಾಕಿಸಿಕೊಂಡು, ಹೊರಕಟ್ಟೆಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿನಲ್ಲೇ ಗಂಗೂಬಾಯಿಯ ದನಿ ಕೇಳಿಸಿತು. "ಏನ ತಾರಕ್ಕಾ, ಇಷ್ಟ ಲಗೂ ಕುಂತಿ? ಊಟಾತೇನ?"

"ಆತು. ಸೊಸಿ ಬಡಿಸಿ ಕಾಲೇಜಿಗಿ ಹೊಂಟಾಳ. ನಿನ್ನ ಸೊಸಿ ಎದ್ದಾಳೇನ ಇನ್ನ?"

ಬಸ್ ಸ್ಟ್ಯಾಂಡಿನ ತನಕ ಧನಪಾಲ ಚೀಲ ಹಿಡಿದುಕೊಂಡು ಬಂದ. ಹರಿದ ಚಪ್ಪಲಿಗೆ ಅವನೇ ಮುಂಜಾನೆ ಹೊಲಿಗೆ ಹಾಕಿಸಿ ತಂದಿದ್ದ. ಇಬ್ಬರೂ ಬೇವಿನ ಗಿಡದ ಕೆಳಗೆ ನಿಂತರು. ಮಂಗಲ ರಸ್ತೆ ನೋಡುತ್ತ ಕೇಳಿದಳು.

"ಈ ವರ್ಷ ಮುಗೀತಂದ್ರ ಇನ್ನೂ ಒಂದ ವರ್ಷ ಉಳೀತೈತ್ರಿ, ಡಿಗ್ರಿ ಆಗಾಕ. ಅದಕ್ಕೂ ಏನರ ಹೇಳ್ಯಾನೇನು ಅಂಗಡ್ಯಾಂವ?"

ಅವಳು ನಗುತ್ತಿದ್ದಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಆ ಮುಖ ಓದಲು ಬರಲಿಲ್ಲ.

"ಕೇಳಿ ಬರ್ತೀನಿ," ಅಂದ.

ಬಸ್ಸು ಬಂತು. ಅವಳು ಚೀಲ ಇಸಿದುಕೊಂಡು ಹತ್ತಿದಳು.

ಕೇಳಿ ಬರುವಂಥದ್ದು ಏನೂ ಇರಲಿಲ್ಲ. ಮೊದಲ ದಿನ ಅವನು ಕೊಲ್ಹಾಪುರದ ಅಂಗಡಿಯಲ್ಲಿ, ನಮ್ಮ ಮನೆಯಲ್ಲಿ ವಿದ್ಯಾರ್ಥಿ ಯಾರೂ ಇಲ್ಲ ಅಂದಾಗ ಅಂಗಡಿಯವನು ನಕ್ಕು, ಅದು ಹಾಳೆಯ ಮೇಲಷ್ಟೇ, ಯಾರು ಬಂದರೂ ಸೂಟಿನ ಇದೇ ದರ, ಬೇಕಾದರೆ ಈಗಲೇ ಒಯ್ಯಿರಿ ಅಂದಿದ್ದ. ಈ ಮಾತನ್ನು ಧನಪಾಲ ಅಪ್ಪನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ. ಮಂಗಲಳಿಗೂ ಎಂದೂ ಹೇಳಲಿಲ್ಲ.